ಒಣಗದ ಗಾರೆ

ಸೋಮವಾರ, ಮಾರ್ಚ್ 11. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಮುಂದೆ ಇದ್ದವರು ಹಳೇ ಚರ್ಚಿನ ಸಮಿತಿಯ ಕಾರ್ಯದರ್ಶಿ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಟೈಪು ಮಾಡಿಸಿದ ದೂರು. ಹಿಂದೆ ಇದ್ದವನು ಚರ್ಚಿನ ಕಾವಲುಗಾರ. ಬಾಗಿಲು ತೆಗೆಯುವುದು, ನೆಲ ಒರೆಸುವುದು, ಗಂಟೆ ಹೊಡೆಯುವುದು, ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವುದು, ಎಲ್ಲಕ್ಕೂ ಅವನೊಬ್ಬನೇ. ಊರಿಗೆಲ್ಲ ಅವನು ಗಂಟೆಯಜ್ಜ. ಕಾರ್ಯದರ್ಶಿ ಕೇಳದೆಯೇ ಕುರ್ಚಿ ಎಳೆದುಕೊಂಡರು. ಗಂಟೆಯಜ್ಜ ಬಾಗಿಲ ಬಳಿಯೇ ನಿಂತ.

"ಕಪ್ತಾನನ ಕಲ್ಲು ಕಳುವಾಗಿದೆ" ಎಂದರು ಕಾರ್ಯದರ್ಶಿ.

ಕಪ್ತಾನ ಯಾರೆಂದು ಇನ್ಸ್‌ಪೆಕ್ಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಡಲಾಚೆಯವರು ಈ ಊರನ್ನು ಆಳುತ್ತಿದ್ದಾಗ ಬಂದರಿಗೆ ಅಲೆತಡೆ ಗೋಡೆ ಕಟ್ಟಿಸಿದ ಅಧಿಕಾರಿ ಅವನು. ಚೌಕದಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಕಾಲಿಗೆ ಸವಾರನ ಬೂಟು, ಕೈಗೆ ಚಾಟಿ, ಕೆಳಗೆ ಮಾತ್ರ ಕುದುರೆ ಇಲ್ಲ. ಕುದುರೆಯನ್ನು ತರುತ್ತಿದ್ದ ಹಡಗು ಮುಳುಗಿಹೋಯಿತಂತೆ. ಹೀಗಾಗಿ ಜನರ ಬಾಯಲ್ಲಿ ಅವನು ಕುದುರೆ ಕಳಕೊಂಡ ದೊರೆ. ಚರ್ಚಿನ ಒಳಗೋಡೆಯಲ್ಲಿ ಅವನ ಹೆಸರಿನ ಅಮೃತಶಿಲೆಯ ಸ್ಮಾರಕವಿತ್ತು. ಈಗ ಅದೂ ಕಳೆದಿತ್ತು.

"ಕೊನೇ ಸಲ ನೋಡಿದ್ದು ಯಾವಾಗ?"

"ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಹೊತ್ತಲ್ಲಿ ಇತ್ತು. ಇವತ್ತು ಏಳಕ್ಕೆ ಬಾಗಿಲು ತೆಗೆದಾಗ ಇಲ್ಲ."

"ಬೀಗ?"

"ಸರಿಯಾಗೇ ಇದೆ. ಅದಕ್ಕೇ ಹೇಳ್ತಿರೋದು. ಬೀಗದ ಕೈ ಇರೋದು ಎರಡೇ. ಒಂದು ನನ್ನ ಹತ್ರ." ಇನ್ನೊಂದು ಯಾರ ಹತ್ತಿರ ಎಂದು ಅವರು ಹೇಳಲಿಲ್ಲ, ಬಾಗಿಲ ಕಡೆ ನೋಡಿದರು.

"ಈ ಕಲ್ಲಿನ ವಿಷಯ ಮೊದಲು ಯಾರಾದ್ರೂ ಕೇಳ್ಕೊಂಡು ಬಂದಿದ್ರಾ?"

"ಯಾರೂ ಇಲ್ಲ." ಕಾರ್ಯದರ್ಶಿ ಎದ್ದರು. "ಸಮಿತಿ ತೀರ್ಮಾನ ಆಗಿದೆ, ಮೇಡಂ. ಬರೋ ಭಾನುವಾರದೊಳಗೆ ಕಲ್ಲು ಸಿಗದಿದ್ರೆ ಇವನು ಚರ್ಚ್ ಹಿಂದಿನ ಕೋಣೆ ಖಾಲಿ ಮಾಡ್ಬೇಕು."

ಅಷ್ಟು ಹೊತ್ತು ತುಟಿ ಬಿಚ್ಚದ ಗಂಟೆಯಜ್ಜ ಆಗ ಬಾಯಿ ತೆರೆದ. "ಇಪ್ಪತ್ತಾರು ವರ್ಷ ಆಯ್ತಮ್ಮಾ ಆ ಕೋಣೇಲಿ. ನನ್ನ ಹೆಂಡ್ತಿಗೆ ನಡೆಯೋಕಾಗಲ್ಲ. ಎಲ್ಲಿಗೆ ಹೋಗ್ಲಿ?"

10-05ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಶಯಿತರ ಹೆಸರಿನ ಜಾಗವನ್ನು ಇನ್ಸ್‌ಪೆಕ್ಟರ್ ಖಾಲಿ ಬಿಟ್ಟರು. ಠಾಣೆಯ ರೈಟರ್ ತಲೆ ಎತ್ತಿ ನೋಡಿದ. ಅವನ ಅಕ್ಷರ ಮುತ್ತಿನಂಥದು, ದನಿ ಮಾತ್ರ ಬಸ್‌ ನಿಲ್ದಾಣದ ಧ್ವನಿವರ್ಧಕದ್ದು. "ಮೇಡಂ, ಕಾರ್ಯದರ್ಶಿ ಹೇಳಿದ್ರಲ್ಲ..."

"ಹೇಳಿಲ್ಲ. ನೋಡಿದ್ರು ಅಷ್ಟೆ. ನೋಟನ ಎಫ್‌ಐಆರ್‌ನಲ್ಲಿ ಬರಿಯೋಕಾಗಲ್ಲ."

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ್, ರೈಟರ್, ಜೊತೆಗೆ ಹೆಡ್ ಕಾನ್ಸ್‌ಟೇಬಲ್. ಈ ಹೆಡ್ ಕಾನ್ಸ್‌ಟೇಬಲ್‌ನನ್ನು ಎಲ್ಲರೂ ಕರೆಯುವುದು ಮೀಸೆ ಎಂದು; ಮುಖಕ್ಕಿಂತ ಮೊದಲು ಒಳಗೆ ಬರುವುದು ಅದೇ. ಕಲ್ಲಿದ್ದ ಜಾಗ ಉತ್ತರದ ಗೋಡೆಯಲ್ಲಿ, ದಪ್ಪ ಕಂಬವೊಂದರ ಮರೆಗಿತ್ತು. ಗೋಡೆಯಲ್ಲಿ ಒಂದು ಗುಂಡಿ, ಕೆಳಗೆ ಪುಡಿಗಲ್ಲು, ಹಾರೆಯ ಗಾಯ, ಇವಿಷ್ಟನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಒಂದೂ ಸಿಗಲಿಲ್ಲ. ಕಲ್ಲಿದ್ದ ಜಾಗದಲ್ಲಿ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಹೊಸ ಸುಣ್ಣದ ಗಾರೆ ಬಳಿದಿತ್ತು. ಅಂಚು ಹಳೇ ಗೋಡೆಯೊಂದಿಗೆ ಎಲ್ಲಿ ಕೂಡಿತೆಂದು ಬೆರಳಿಗೆ ಸಿಗುತ್ತಿರಲಿಲ್ಲ. ನೆಲ ತೊಳೆದಿತ್ತು. ಕಲ್ಲನ್ನು ಹಿಡಿದಿದ್ದ ನಾಲ್ಕು ಕಬ್ಬಿಣದ ಕೊಕ್ಕೆಗಳು ಕಿಟಕಿಯ ಕಟ್ಟೆಯ ಮೇಲೆ ತುಕ್ಕು ಒರೆಸಿಕೊಂಡು ಸಾಲಾಗಿ ಮಲಗಿದ್ದವು.

"ಇದೆಂಥ ಕಳ್ಳ ಮೇಡಂ!" ಮೀಸೆ ನಕ್ಕುಬಿಟ್ಟ. "ಕದ್ದು, ಗುಡಿಸಿ, ಒರೆಸಿ ಹೋಗಿದ್ದಾನೆ. ಇವನನ್ನ ಹಿಡಿದು ಜೈಲಿಗೆ ಯಾಕೆ, ನಮ್ಮನೇಗೆ ಕಳಿಸಿ."

ಇನ್ಸ್‌ಪೆಕ್ಟರ್ ನಗಲಿಲ್ಲ. ಗಂಟೆಯಜ್ಜನನ್ನು ಕರೆದರು.

"ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಗೋಪುರದಲ್ಲಿ. ಭಾನುವಾರ ಎರಡಕ್ಕೆ ಹತ್ತಿ ಗಡಿಯಾರಕ್ಕೆ ಕೀಲಿ ಕೊಡ್ತೀನಿ. ತೊಂಬತ್ತನಾಲ್ಕು ಮೆಟ್ಟಿಲು. ಮಂಡಿ ನೋವು, ಇಳಿಯೋ ಹೊತ್ತಿಗೆ ನಾಲ್ಕೂವರೆ ಆಗುತ್ತೆ."

"ಬಾಗಿಲು?"

"ಸಂಜೆ ಆರರ ತನಕ ತೆರೆದೇ ಇರುತ್ತೆ. ನೋಡೋಕೆ ಬರೋರು ಬರ್ತಾರಲ್ಲ. ಬೀಗ ಹಾಕುವಾಗ ಕತ್ತಲಾಗಿತ್ತು, ಕಂಬದ ಹಿಂದೆ ಇಣುಕಲಿಲ್ಲ. ಅದೊಂದು ನನ್ನ ತಪ್ಪು."

ಅಲ್ಲಿಗೆ ಬೀಗದ ಕೈಯ ಮಾತು ಬಿದ್ದುಹೋಯಿತು. ಗೋಪುರದ ಗಡಿಯಾರ ಸರಿಯಾಗಿ ಓಡುತ್ತಿತ್ತು. ಅಜ್ಜ ಮೇಲಿದ್ದ ಆ ಎರಡೂವರೆ ಗಂಟೆ ಯಾರಿಗೆ ಗೊತ್ತಿತ್ತೋ ಅವನೇ ಒಳಗೆ ಬಂದಿದ್ದ. ಆದರೆ ಕಾರ್ಯದರ್ಶಿಗೆ ಇದನ್ನು ಹೇಳಿದರೆ, "ಕಲ್ಲು ತನ್ನಿ, ಆಮೇಲೆ ಮಾತು" ಎಂದು ಫೋನಿಟ್ಟರು. ಜಾಗಕ್ಕೆ ಪೊಲೀಸ್ ಪಟ್ಟಿ ಕಟ್ಟಿಸಿ, ಗೋಡೆಯನ್ನು ಮುಟ್ಟಕೂಡದು ಎಂದು ಅಜ್ಜನಿಗೆ ತಾಕೀತು ಮಾಡಿ ಇನ್ಸ್‌ಪೆಕ್ಟರ್ ಹೊರಟರು. ಕೋಣೆಯ ಹೊಸ್ತಿಲಲ್ಲಿ ಅಜ್ಜನ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಆಗಲೇ ಎರಡು ಗಂಟು ಕಟ್ಟಿಟ್ಟಿದ್ದಳು. ಆ ಗಂಟುಗಳನ್ನು ನೋಡಿ ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. "ಅದನ್ನ ಬಿಚ್ಚಿಡಿ ಅಜ್ಜಿ. ಇವತ್ತಿನ್ನೂ ಸೋಮವಾರ" ಎಂದರು.

ಹೇಳಿದ್ದು ಧೈರ್ಯಕ್ಕೆ. ಮಂಗಳವಾರ ಇಡೀ ದಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದರೂ ಕಲ್ಲಿನ ಸುಳಿವು ಸಿಗಲಿಲ್ಲ. ಸಂಜೆ 4-30ಕ್ಕೆ ಮೇಲಿನವರಿಂದ ಫೋನು ಬಂತು: ಕಪ್ತಾನನ ಪ್ರತಿಮೆ ತೆಗೆಯಿರಿ ಎಂದು ಹತ್ತು ವರ್ಷದಿಂದ ಅರ್ಜಿ ಗುಜರಾಯಿಸುತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರಲ್ಲ, ಅವರನ್ನೇ ತಂದು ಕೂರಿಸಿ. ಊರಲ್ಲಿ ಅವರಿಗೆ ಅರ್ಜಿ ಮೇಷ್ಟ್ರು ಎಂದೇ ಹೆಸರು. ಇನ್ಸ್‌ಪೆಕ್ಟರ್ ಅವರನ್ನು ತರಿಸಲಿಲ್ಲ, ತಾವೇ ಅವರ ಮನೆಗೆ ಹೋದರು.

"ಕಲ್ಲು ತೆಗೆದದ್ದು ನೀವಾ?"

"ನಾನಾಗಿದ್ರೆ ಮೊದಲು ಪತ್ರಿಕೆಯವರನ್ನ ಕರೀತಿದ್ದೆ. ಆಮೇಲೆ ನಿಮ್ಮನ್ನ."

"ಗಾರೆ ಕೆಲಸ ಬರುತ್ತಾ?"

"ಈ ಮನೇಲಿ ಮೊಳೆ ಹೊಡೆಯೋದೂ ನನ್ನ ಹೆಂಡ್ತೀನೇ." ಒಳಗಿನಿಂದ ಹೆಂಡತಿ, "ಬಾಗಿಲ ಚಿಲಕವನ್ನೂ ಸೇರಿಸಿ" ಎಂದಳು.

ಮೇಷ್ಟ್ರು ನಿಜವನ್ನೇ ಹೇಳುತ್ತಿದ್ದರು. ದ್ವೇಷದಿಂದ ಕಲ್ಲು ಕಿತ್ತವನು ಗೋಡೆಗೆ ಮುಲಾಮು ಹಚ್ಚುವುದಿಲ್ಲ. ಹಣದಾಸೆಗೆ ಕಿತ್ತವನಿಗೆ ಅಷ್ಟು ವ್ಯವಧಾನವೂ ಇರುವುದಿಲ್ಲ. ಹಾಗಾದರೆ ಇವನು ಯಾವ ಜಾತಿಯ ಕಳ್ಳ? ಈ ಪ್ರಶ್ನೆ ಹೊತ್ತುಕೊಂಡೇ ಇನ್ಸ್‌ಪೆಕ್ಟರ್ ಬುಧವಾರ 11-30ಕ್ಕೆ ಮತ್ತೆ ಚರ್ಚಿಗೆ ಬಂದರು. ಕಂಬಕ್ಕೆ ಒರಗಿ ಗೋಡೆಯನ್ನೇ ನೋಡುತ್ತ ನಿಂತರು. ಮೀಸೆ ಮೂಲೆಯಲ್ಲಿ ಫೋನಿನಲ್ಲಿ ಹೆಂಡತಿಯೊಂದಿಗೆ ಪಿಸುಗುಡುತ್ತಿದ್ದ. ಅವನು ಊರಾಚೆ ಮನೆ ಕಟ್ಟಿಸುತ್ತಿದ್ದ. ದಿನಕ್ಕೆ ನಾಲ್ಕು ಸಲ ಈ ಫೋನು ನಡೆಯುವುದೇ.

"ನೀರು ಹಾಕಿದ್ಯಾ? ಮೂಲೆಗೂ ಹಾಕಿದ್ಯಾ? ಮತ್ತೆ ಸಂಜೆ ಹಾಕು."

"ಮದುವೆ ಆದಾಗ ಹೆಂಡ್ತೀನ ಇಷ್ಟು ವಿಚಾರಿಸ್ಕೊಂಡಿದ್ರಾ?" ಎಂದರು ಇನ್ಸ್‌ಪೆಕ್ಟರ್.

"ಹೆಂಡ್ತಿ ಬಿರುಕು ಬಿಡಲ್ಲ ಮೇಡಂ, ಗಾರೆ ಬಿಡುತ್ತೆ. ವಾರ ಹತ್ತು ದಿನ ಹಸಿಯಾಗಿಡ್ಬೇಕು. ಒಂದಿನ ಒಣಗಿದ್ರೂ ಕೆಟ್ಟಿತು."

ಇನ್ಸ್‌ಪೆಕ್ಟರ್ ಪಟ್ಟಿಯಡಿ ನುಸುಳಿ ಗೋಡೆಗೆ ಅಂಗೈ ಇಟ್ಟರು. ಗಾರೆ ತಣ್ಣಗಿತ್ತು. ಕೈ ತೆಗೆದಾಗ ಬೆರಳ ತುದಿ ಒದ್ದೆಯಾಗಿತ್ತು. "ಭಾನುವಾರ ಹಚ್ಚಿದ್ದು. ಈ ಬಿಸಿಲಿಗೆ ಇವತ್ತು ಹೇಗಿರಬೇಕು?"

ಮೀಸೆ ಫೋನು ಕಿಸೆಗಿಟ್ಟು ಬಂದ. ಗೋಡೆಯನ್ನು ಮುಟ್ಟಿದ, ಮೂಸಿದ. ಬಗ್ಗಿ ನೆಲ ನೋಡಿದ. ಪಟ್ಟಿಯ ಕೆಳಗೆ ಸಣ್ಣ ಸಣ್ಣ ಬಿಳಿ ಹನಿಗಳು ಒಣಗಿ ಕೂತಿದ್ದವು. ಅವನ ನಗು ಮಾಯವಾಯಿತು. "ಯಾರೋ ದಿನಾ ನೀರು ಹಾಕ್ತಿದ್ದಾರೆ ಮೇಡಂ. ಪಟ್ಟಿಯಾಚೆ ನಿಂತು, ಕೈಚಾಚಿ."

ಗಂಟೆಯಜ್ಜ ಆಣೆ ಮಾಡಿದ. ತಾನು ಮುಟ್ಟಿಲ್ಲ, ಅತ್ತ ಸುಳಿದೂ ಇಲ್ಲ.

"ಒಳಗೆ ಯಾರೂ ಇಲ್ಲದಿರೋ ಹೊತ್ತು ಯಾವುದು?"

"ಹನ್ನೆರಡರ ಗಂಟೆ ಹೊಡೆದು ನಾನು ಊಟಕ್ಕೆ ಹೋಗ್ತೀನಿ. ಎರಡರ ತನಕ ಖಾಲಿ."

ಕೆಲಸದವರಿಗೂ ಊಟದ ಬಿಡುವು ಅದೇ ಹೊತ್ತಿಗೆ. ಇನ್ಸ್‌ಪೆಕ್ಟರಿಗೆ ಈಗ ತಮ್ಮ ಕಳ್ಳನ ಮುಖವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಗೊತ್ತಾಗಿತ್ತು. ಅವನು ಗಾರೆಯವನು. ಈ ಚರ್ಚಿನಲ್ಲಿ ಕೆಲಸ ಮಾಡಿ ಅಜ್ಜನ ದಿನಚರಿ ತಿಳಿದವನು. ಕದ್ದ ಜಾಗಕ್ಕೆ ಮತ್ತೆ ಕಾಲಿಟ್ಟರೆ ಸಿಕ್ಕಿಬೀಳುತ್ತೇನೆಂದು ಗೊತ್ತಿದ್ದೂ, ತಾನು ಹಚ್ಚಿದ ಗಾರೆ ಬಿರುಕು ಬಿಡುವುದನ್ನು ತಡೆದುಕೊಳ್ಳಲಾರದವನು.

ಗುರುವಾರ, ಮಾರ್ಚ್ 14. ಹನ್ನೊಂದೂವರೆಗೇ ಇನ್ಸ್‌ಪೆಕ್ಟರ್ ಸಾದಾ ಉಡುಪಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತರು. ಮೀಸೆ ಮುಂದಿನ ಸಾಲಿನಲ್ಲಿ ಮಂಡಿಯೂರಿ ಕಣ್ಣುಮುಚ್ಚಿದ. ಭಕ್ತಿ ಅತಿಯಾಗಿ ಹತ್ತೇ ನಿಮಿಷಕ್ಕೆ ಸಣ್ಣ ಗೊರಕೆ ಹೊರಟಿತು. ಇನ್ಸ್‌ಪೆಕ್ಟರ್ ಬೆಂಚಿಗೆ ಕಾಲಿಂದ ಒದ್ದರು. ಹನ್ನೆರಡರ ಗಂಟೆಯಾಯಿತು. ಅಜ್ಜ ಹೋದ.

12-50ಕ್ಕೆ ಒಬ್ಬ ಬಂದ. ನಲವತ್ತೈದರ ಆಸುಪಾಸು, ಅಂಗಿಯ ತೋಳಿನ ಮೇಲೆ ಸಿಮೆಂಟಿನ ಕಲೆ, ಕೈಯಲ್ಲಿ ನೀರಿನ ಬಾಟಲಿ. ನೇರ ಕಂಬದ ಹಿಂದಕ್ಕೆ ಹೋದ. ಕಿಸೆಯಿಂದ ಕುಂಚ ತೆಗೆದು ಪಟ್ಟಿಯಾಚೆಯಿಂದಲೇ ಕೈ ನೀಡಿ ಗೋಡೆಗೆ ನೀರು ಸವರತೊಡಗಿದ. ಮೇಲಿಂದ ಕೆಳಕ್ಕೆ, ಒಂದಿಂಚೂ ಬಿಡದೆ.

ಮೀಸೆ ಏಳಹೋದ. ಇನ್ಸ್‌ಪೆಕ್ಟರ್ ಕೈಯಿಂದಲೇ ತಡೆದು, ತಾವೇ ಹೋಗಿ ಅವನ ಬೆನ್ನ ಹಿಂದೆ ನಿಂತರು.

"ಪೊಲೀಸ್. ಓಡಬೇಡಿ."

ಅವನ ಕೈ ನಿಂತಿತು. ತಿರುಗಲಿಲ್ಲ. "ಕೆಳಗಿನ ಅಂಚು ಉಳಿದಿದೆ" ಎಂದ.

"ಮುಗಿಸ್ಕೊಳ್ಳಿ."

ಅವನು ಮುಗಿಸಿದ. ಕುಂಚ ಹಿಂಡಿ ಕಿಸೆಗಿಟ್ಟ. ಆಮೇಲೆ ಎರಡೂ ಕೈ ಮುಂದೆ ಚಾಚಿದ. ಒಂದು ಗಂಟೆ ಐದು ನಿಮಿಷಕ್ಕೆ ದಸ್ತಗಿರಿ.

"ಕಲ್ಲೆಲ್ಲಿ?"

"ನಮ್ಮತ್ತೆ ಮನೇಲಿ."

"ಹೇಗೆ ಒಯ್ದಿರಿ?"

"ತಳ್ಳುಗಾಡೀಲಿ, ಗೋಣಿ ಮುಚ್ಚಿ. ಚೌಕದ ಮಧ್ಯದಲ್ಲೇ ಹೋದೆ. ಗಾರೆಯವನ ಗಾಡಿ ಯಾರು ನೋಡ್ತಾರೆ?"

"ನಿಮ್ಮಿಂದ ಗಂಟೆಯಜ್ಜನ ಮನೆ ಹೋಗ್ತಿದೆ, ಗೊತ್ತಾ?"

ಅವನು ಮೊದಲ ಬಾರಿಗೆ ತಲೆ ಎತ್ತಿದ. "ಏನಂದ್ರಿ?"

"ಭಾನುವಾರ ಕೋಣೆ ಖಾಲಿ ಮಾಡಬೇಕಂತೆ. ಕದ್ದದ್ದು ಅವರೇ ಅಂತ."

ಗಾರೆ ಮೇಸ್ತ್ರಿಯ ಮುಖ ಅವನು ಹಚ್ಚಿದ ಗಾರೆಯಷ್ಟೇ ಬೆಳ್ಳಗಾಯಿತು. "ನಾನು ಇಲ್ಲಿ ಕೆಲಸ ಮಾಡ್ವಾಗ ದಿನಾ ಟೀ ಕೊಡ್ತಿದ್ರು ಅವರು. ಗೊತ್ತಿದ್ದಿದ್ರೆ ಸೋಮವಾರವೇ ಠಾಣೆಗೆ ಬರ್ತಿದ್ದೆ ಮೇಡಂ. ನಿಮ್ಮಾಣೆಗೂ." ಇನ್ಸ್‌ಪೆಕ್ಟರ್ ನಂಬಿದರು. ನಂಬಿದ್ದನ್ನು ತೋರಿಸಿಕೊಳ್ಳಲಿಲ್ಲ.

ಅತ್ತೆಯ ಮನೆ ಬಂದರಿನ ಹಿಂದಿನ ಓಣಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಪಕ್ಕದ ದರ್ಜಿಯನ್ನೂ ಎದುರಿನ ಸೈಕಲ್ ಅಂಗಡಿಯವನನ್ನೂ ಪಂಚರಾಗಿ ಕರೆದುಕೊಂಡು 2-20ಕ್ಕೆ ಒಳಗೆ ಹೋದರು. ಕಲ್ಲನ್ನು ಎಲ್ಲೂ ಬಚ್ಚಿಟ್ಟಿರಲಿಲ್ಲ. ಕಿಟಕಿಯ ಬೆಳಕು ಬೀಳುವ ಕಡೆ, ಮರದ ಹಲಗೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿತ್ತು. ಎದುರಿಗೆ ಚಾಪೆಯ ಮೇಲೆ ಎಂಬತ್ತೆಂಟರ ಮುದುಕಿ ಕುಳಿತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನಿಂದ ಕಲ್ಲಿನ ಮೇಲೆ ಏನನ್ನೋ ತಡವುತ್ತಿದ್ದಳು.

"ಬಂದ್ರಾ?" ಎಂದಳು. "ಕೂತ್ಕೊಳಿ. ಹುಡುಗ ನಾಲ್ಕು ದಿನ ಸಿಗುತ್ತೆ ಅಂದಿದ್ದ. ನಾಲ್ಕು ದಿನ ಸಿಕ್ತು."

ಇನ್ಸ್‌ಪೆಕ್ಟರ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ದೂರಿನ ಜೊತೆಗಿದ್ದ ಫೋಟೋದಲ್ಲಿ ಕಂಡಿದ್ದ ಕಪ್ತಾನನ ಹೆಸರು ಅಲ್ಲಿರಲಿಲ್ಲ. ಕಲ್ಲು ತಿರುಗಿ ನಿಂತಿತ್ತು. ಇತ್ತ ಕಡೆ ಊರಿನ ಅಕ್ಷರದಲ್ಲಿ, ಅಷ್ಟೇನೂ ನೇರವಲ್ಲದ ಸಾಲುಗಳಲ್ಲಿ ಹೀಗಿತ್ತು: *ಅಲೆತಡೆ ಗೋಡೆಯಡಿ ಸತ್ತವರು. ಜೊತೆಗೆ ದುಡಿದವರು ನಿಲ್ಲಿಸಿದ ಕಲ್ಲು.* ಅದರ ಕೆಳಗೆ ಹೆಸರುಗಳು.

"ನಮ್ಮಜ್ಜನ ಅಪ್ಪ ಏಳನೆಯವನು" ಎಂದಳು ಮುದುಕಿ. "ಗೋಡೆ ಕುಸೀತು, ಹದಿನೇಳು ಜನ ಹೋದ್ರು. ಉಳಿದೋರು ಸೇರಿ ಬಂದರಿನ ಬಾಯಲ್ಲಿ ಈ ಕಲ್ಲು ನಿಲ್ಸಿದ್ರು. ಆರು ವರ್ಷ ಇತ್ತಂತೆ. ಆಮೇಲೆ ಕಪ್ತಾನ ಜ್ವರ ಬಂದು ಸತ್ತ. ಅವನಿಗೆ ಕಲ್ಲು ಬೇಕಲ್ಲ? ಕಡಲಾಚೆಯಿಂದ ಬರೋಕೆ ತಡ. ಇದನ್ನೇ ಕಿತ್ತು ತಿರುವಿ, ಬೆನ್ನಿಗೆ ಅವನ ಹೆಸರು ಕೆತ್ತಿ ಚರ್ಚಿಗಿಟ್ರು. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಹೇಳೋಳು, ನಮ್ಮೋರು ಗೋಡೆಗೆ ಮುಖ ಮಾಡಿ ನಿಂತವ್ರೆ ಅಂತ. ಎಲ್ಲಾ ಕಟ್ಟುಕತೆ ಅಂದ್ಕೊಂಡಿದ್ವಿ."

"ಕಟ್ಟುಕತೆ ಅಲ್ಲ ಅಂತ ಯಾವಾಗ ಗೊತ್ತಾಯ್ತು?" ಪ್ರಶ್ನೆ ಮೇಸ್ತ್ರಿಗೆ.

"ಎಂಟು ತಿಂಗಳ ಹಿಂದೆ. ಚರ್ಚ್ ಗೋಡೆಗೆ ತೇವ ಹಿಡಿದಿತ್ತು. ಕಂತ್ರಾಟುದಾರ ಕಲ್ಲು ಇಳಿಸಿ ಮತ್ತೆ ಕೂರಿಸು ಅಂದ. ಇಳಿಸಿದೆ. ಹಿಂದೆ ನಮ್ಮೋರು. ಕಂತ್ರಾಟುದಾರ ನೋಡಲೂ ಇಲ್ಲ, ಬೇಗ ಗಾರೆ ಹಚ್ಚು ಅಂದ. ನನ್ನ ಕೈಯಾರೆ, ಮೇಡಂ, ನಾನೇ ಅವರನ್ನ ಮತ್ತೆ ಗೋಡೆಗೆ ಮುಖ ಮಾಡ್ಸಿದೆ."

ಅವನ ದನಿ ಅಲ್ಲಿ ಒಡೆಯಿತು.

"ಸಮಿತಿಗೆ ಹೇಳಲಿಲ್ವಾ?"

ಮುದುಕಿ ಚಾಪೆಯಡಿಯಿಂದ ಕಾಗದವೊಂದನ್ನು ಎಳೆದು ಕೊಟ್ಟಳು. ಮೇಸ್ತ್ರಿ ಮೂರು ಸಲ ಬರೆದಿದ್ದ. ಕಲ್ಲು ಬೇಡ, ಒಂದು ದಿನ ತಿರುಗಿಸಿ ತೋರಿಸಿ, ಅತ್ತೆಗೆ ವಯಸ್ಸಾಗಿದೆ, ಹೆಸರು ಬರೆದುಕೊಳ್ಳುತ್ತೇವೆ ಎಂದು. ಮೂರನೆಯದಕ್ಕೆ ಬಂದ ಉತ್ತರ ಇದು. "ಸದರಿ ಕಲ್ಲಿನ ಹಿಂಬದಿಯಲ್ಲಿ ಯಾವುದೇ ಬರಹ ಇರುವ ಬಗ್ಗೆ ದಾಖಲೆ ಇರುವುದಿಲ್ಲ. ಈ ವಿಷಯವಾಗಿ ಮುಂದೆ ಪತ್ರ ವ್ಯವಹಾರ ಮಾಡತಕ್ಕದ್ದಲ್ಲ." ಕೆಳಗೆ ಕಾರ್ಯದರ್ಶಿಯ ಸಹಿ. ಮೊದಲು ಯಾರಾದರೂ ಕೇಳಿಕೊಂಡು ಬಂದಿದ್ದರೇ ಎಂದರೆ ಯಾರೂ ಇಲ್ಲ ಎಂದಿದ್ದ ಅದೇ ಕಾರ್ಯದರ್ಶಿ. ಸೋಮವಾರ ಆ ಮನುಷ್ಯನಿಗೆ ಕುರ್ಚಿ ಬಿಟ್ಟುಕೊಟ್ಟು, ಅಜ್ಜನನ್ನು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು.

"ಪಂಚನಾಮೆ ಶುರು ಮಾಡಿ" ಎಂದರು ರೈಟರ್‌ಗೆ.

ರೈಟರ್ ಅಳತೆ ತೆಗೆದು ಬರೆಯತೊಡಗಿದ. "ಅಮೃತಶಿಲೆ ಒಂದು. ಒಂದು ಬದಿಯಲ್ಲಿ ಕಪ್ತಾನನ ಹೆಸರು, ಅಲೆತಡೆ ಗೋಡೆಯನ್ನು ತಾನೊಬ್ಬನೇ ಕಟ್ಟಿದವನು ಎಂಬ ಒಕ್ಕಣೆ. ಇನ್ನೊಂದು ಬದಿಯಲ್ಲಿ ಕೆಲವು ಹೆಸರುಗಳು..."

"ಕೆಲವು ಅಂದ್ರೆ?"

"ಹದಿನೇಳು ಮೇಡಂ."

"ಹದಿನೇಳೂ ಬರೀರಿ. ಮುದ್ದೆಮಾಲಿನ ಗುರುತು ಪೂರ್ತಿ ಇರಬೇಕು. ನಾಳೆ ಕೋರ್ಟಲ್ಲಿ ಇದೇ ಕಲ್ಲಾ ಅಂತ ಕೇಳಿದ್ರೆ?"

ರೈಟರ್ ಕಲ್ಲಿನ ಮುಂದೆ ಬೋರಲು ಮಲಗಿ ಬರೆದ. ಸವೆದ ಅಕ್ಷರ ಬಂದಲ್ಲಿ ಮುದುಕಿ ಬೆರಳಾಡಿಸಿ ಹೇಳಿದಳು. ಬರೆದು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಬರೆದದ್ದನ್ನು ಪಂಚರಿಗೆ ಓದಿ ಹೇಳಿ ಸಹಿ ಪಡೆಯಬೇಕು, ಅದು ನಿಯಮ. 3-25ಕ್ಕೆ ರೈಟರ್ ಎದ್ದು ನಿಂತು ತನ್ನ ಆ ಬಸ್‌ ನಿಲ್ದಾಣದ ದನಿಯಲ್ಲಿ ಓದಿದ. ಕಲ್ಲು ಹೊರುವ ಅಣ್ಣತಮ್ಮಂದಿರು ಇಬ್ಬರು. ಸುಣ್ಣ ಅರೆಯುವವಳು. ದೋಣಿಯವನು. ಒಂದೊಂದು ಹೆಸರು, ಅದರ ಮುಂದೆ ಅವರ ಕಸುಬು. ಓಣಿಯ ಜನ ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ಏಳನೆಯ ಹೆಸರು ಬಂದಾಗ ಮುದುಕಿ, "ಗಾರೆಯವನು" ಎಂದು ಅವನ ಕಸುಬನ್ನು ತಾನೇ ಮೊದಲು ಹೇಳಿದಳು. ಯಾಕೋ ರೈಟರ್ ಅಲ್ಲಿ ನಿಂತು, ಆ ಸಾಲನ್ನು ಇನ್ನೊಮ್ಮೆ ಓದಿದ. ಮೀಸೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಸಹಿಗಳಾದವು. "ಒಂದು ನಕಲು ಅಜ್ಜಿಗೆ ಕೊಡಿ" ಎಂದರು ಇನ್ಸ್‌ಪೆಕ್ಟರ್. "ವಸ್ತು ಯಾರಿಂದ ವಶಪಡಿಸಿಕೊಂಡೆವೋ ಅವರಿಗೆ ಕೊಡಬೇಕು." ಕಾಗದದ ತುದಿಯಲ್ಲಿ ಠಾಣೆಯ ಮೊಹರು, ನಂಬರು, ದಿನಾಂಕ. ಮುದುಕಿ ಮೊಹರಿನ ಉಬ್ಬನ್ನು ಬೆರಳಿಂದ ಮುಟ್ಟಿ ನೋಡಿದಳು. "ಇದು ದಾಖಲೆಯಾ?"

"ಹೌದಜ್ಜಿ, ಇದು ದಾಖಲೆ."

ಜೀಪು ಹತ್ತುವಾಗ ಮೇಸ್ತ್ರಿ ಹಿಂದೆ ತಿರುಗಿದ. "ಠಾಣೇಲಿ ಕಲ್ಲು ಹೇಗಿಡ್ತೀರಿ?"

"ಒಂದು ಮುಖ ಗೋಡೆಗೆ ಒರಗಲೇಬೇಕಲ್ಲ" ಎಂದರು ಇನ್ಸ್‌ಪೆಕ್ಟರ್. "ಈ ಸಲ ಕಪ್ತಾನ ಒರಗಲಿ."

"ಇನ್ನೊಂದು ಮಾತು ಮೇಡಂ. ಆ ಗೋಡೆಗೆ ಇನ್ನೂ ಆರು ದಿನ ನೀರು ಬೇಕು."

ಶುಕ್ರವಾರ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ವರದಿಯಲ್ಲಿ ಕೃತ್ಯದ ಕಾರಣವೆಂಬ ಕಡೆ ಇನ್ಸ್‌ಪೆಕ್ಟರ್ ತಾವೇ ಪೆನ್ನು ತೆಗೆದುಕೊಂಡು ಒಂದೇ ಸಾಲು ಬರೆದರು: ದಾಖಲೆ ಇರುವುದಿಲ್ಲ ಎಂದು ಸಮಿತಿ ಕೊಟ್ಟ ಉತ್ತರ, ಪ್ರತಿ ಲಗತ್ತಿಸಿದೆ. ಕಳವು ಕಳವೇ, ಅದರಲ್ಲಿ ಅವರು ಒಂದಕ್ಷರವನ್ನೂ ಸಡಿಲಿಸಲಿಲ್ಲ. ಕಾರ್ಯದರ್ಶಿಯನ್ನು ಠಾಣೆಗೆ ಕರೆಸಿದಾಗ ಮಾತ್ರ ಕುರ್ಚಿ ಗಂಟೆಯಜ್ಜನಿಗೆ ಸಿಕ್ಕಿತು. ಕೋಣೆಯ ಮಾತನ್ನು ಸಮಿತಿ ಮತ್ತೆ ಎತ್ತಲಿಲ್ಲ. ಅಜ್ಜನ ಹೆಂಡತಿ ಗಂಟು ಬಿಚ್ಚಿದಳು.

ನಡೆದದ್ದನ್ನೆಲ್ಲ ಇನ್ಸ್‌ಪೆಕ್ಟರ್ ಅಜ್ಜನಿಗೆ ಹೇಳಿದರು. ತನ್ನನ್ನು ಬೀದಿಗೆ ತರುತ್ತಿದ್ದವನು ಆ ಮೇಸ್ತ್ರಿ, ಸಿಟ್ಟು ಬರದೆ ಇರುತ್ತದೆಯೇ? ಅಜ್ಜ ಮಾತ್ರ, "ಪಟ್ಟಿ ಬಿಚ್ಚಬಹುದಾ?" ಎಂದು ಕೇಳಿದ.

"ಯಾಕೆ?"

"ನೀರು ಹಾಕ್ಬೇಕಲ್ಲಮ್ಮ."

ಅಂದಿನಿಂದ ದಿನಾ ಹನ್ನೆರಡರ ಗಂಟೆ ಹೊಡೆದು, ಊಟಕ್ಕೆ ಹೋಗುವ ಮುಂಚೆ, ಅಜ್ಜ ಚೊಂಬಿನಲ್ಲಿ ನೀರು ತಂದು ಗೋಡೆ ನೆನೆಸಿದ. ಬುಧವಾರ, ಮಾರ್ಚ್ 20ಕ್ಕೆ ಹತ್ತು ದಿನ ತುಂಬಿತು. ಮರುದಿನ ಇನ್ಸ್‌ಪೆಕ್ಟರ್ ಮತ್ತು ಮೀಸೆ ಹೋಗಿ ನೋಡಿದರು. ಗಾರೆ ಒಣಗಿತ್ತು. ಮೀಸೆ ಅಂಚಿನುದ್ದಕ್ಕೂ ಉಗುರಿನಿಂದ ತಡವಿ ನೋಡಿದ. ಒಂದು ಬಿರುಕೂ ಇರಲಿಲ್ಲ.